ಕಾರ್ಲ್ ಲಿನೇಯಸ್

ಇರುಳಿನಲ್ಲಿ ದೀಪವನ್ನು ಮುತ್ತುವ ಪತಂಗಗಳೆಲ್ಲವೂ ನಮ್ಮ ಕಣ್ಣಿಗೆ ಒಂದೇ ಬಗೆಯವಾಗಿ ತೋರುವುವು. ಇಂಥ ಜೀವಿಗಳನ್ನು ವಿಂಗಡಿಸಿ, ಪ್ರತಿಯೊಂದಕ್ಕೂ ಹೆಸರಿಡುವ ಕ್ರಮವನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಸ್ವೀಡನ್ ದೇಶದ ಕಾರ್ಲ್ ಲಿನೇಯಸನು ಅಗ್ರಗಣ್ಯನು.

ಆತನು 1707ರಲ್ಲಿ ಹಳ್ಳಿಯ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಮಗನೂ ಪಾದ್ರಿಯಾಗಬೇಕೆಂಬುದು ತಂದೆತಾಯಿಗಳ ಹಂಬಲವಾಗಿತ್ತು. ಬಾಲಕನ ಮನಸ್ಸಾದರೋ ಗಿಡಮರಗಳಲ್ಲಿ ನೆಟ್ಟಿತ್ತು. ಇವನಿಗೆ ಹೆಚ್ಚಿನ ವಿದ್ಯೆ ಹತ್ತಲಾರದೆಂದು ಉಪಾಧ್ಯಾಯರು ತಂದೆಗೆ ತಿಳಿಸಿದರು. ಆದರೆ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವೈದ್ಯ ರೋಥ್‌ಮನ್ ಹುಡುಗನ ನಿಜವಾದ ಒಲವನ್ನು ಗುರುತಿಸಿದನು. ಅವನನ್ನು ವೈದ್ಯವಿದ್ಯೆಗೆ ಕಳುಹಿಸುವಂತೆ ತಂದೆಯನ್ನು ಒಪ್ಪಿಸಿ, ಸಸ್ಯಶಾಸ್ತ್ರವನ್ನು ತಾನೇ ಕಲಿಸಿದನು.

1732ರಲ್ಲಿ ಲಿನೇಯಸನು ಉತ್ತರದ ಲ್ಯಾಪ್‌ಲೆಂಡಿನಲ್ಲಿ ಸಂಚರಿಸಿ ಅಲ್ಲಿನ ಸಸ್ಯಗಳನ್ನು ಅಭ್ಯಸಿಸಿದನು. 1735ರಲ್ಲಿ ‘ಸಿಸ್ಟೆಮಾ ನ್ಯಾಟುರೇ’ ಎಂಬ ಗ್ರಂಥವನ್ನು ಹಾಲೆಂಡಿನಲ್ಲಿ ಪ್ರಕಟಿಸಿದನು. 1741ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದನು. 1758ರಲ್ಲಿ ಬಂದ ಆ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದನು.

ಗೇಣು ಹಾಕಿ ನೆಲವನ್ನು ಅಳೆಯುವಂತೆ ನಡೆಯುವ ಹುಳುಗಳನ್ನು ನಾವು ಕಂಡಿದ್ದೇವೆ. ಅವುಗಳಿಂದ ರೂಪುಗೊಳ್ಳುವ ಪತಂಗಗಳ ಗುಂಪಿಗೆ ಲಿನೇಯಸನು ‘ಜಿಯೊಮೆಟ್ರಾ’, ಎಂದರೆ ನೆಲವನ್ನಳೆಯುವುದು, ಎಂದು ಹೆಸರಿಟ್ಟನು. ಈ ಗುಂಪಿನಲ್ಲಿ ಕುಡಿಮೀಸೆಯು ಬಾಚಣಿಗೆಯಂತಿದ್ದರೆ ಹೆಸರಿನ ಕೊನೆಗೆ ‘ಏರಿಯಾ’, ನೂಲಿನಂತಿದ್ದರೆ ‘ಏಟಾ’ ಎಂದು ಸೇರಿಸಿದನು. ಹೀಗೆ ಹೆಸರೇ ಗುರುತಾಯಿತು. ಭೂರ್ಜವೃಕ್ಷದ ಹೆಸರಿನಿಂದ ‘ಬೆಟ್ಯುಲೇರಿಯಾ’ ಎಂದು ಅವನು ಕರೆದ ಪತಂಗವು ಬಿಳುಪಿನ ಮೇಲೆ ಕರಿಮೆಣಸಿನ ಪುಡಿ ಚೆಲ್ಲಿದಂತಿರುವುದು. ಅದರ ಗಂಡಿಗೆ ಬಾಚಣಿಗೆಯಂಥ ಕುಡಿಮೀಸೆಯುಂಟು.

1848ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಇದೇ ಪತಂಗವು ಕಪ್ಪುಬಣ್ಣದಲ್ಲಿ ದೊರೆಯಿತು. ಬಣ್ಣವನ್ನಷ್ಟೇ ನಂಬಿದವನು ಅದನ್ನು ಬೇರೆ ಜಾತಿಯೆಂದಾನು. ಆದರೆ ಜಾತಿ ಒಂದೇ. ಇದಕ್ಕೆ ಪ್ರತಿಯಾಗಿ, ‘ಸ್ಟ್ರಟೇರಿಯಾ’ ಎಂಬ ನೆಂಟ ಪತಂಗಕ್ಕೂ ಮೈತುಂಬ ಚುಕ್ಕೆಗಳಿವೆ, ಗಂಡಿಗೆ ಬಾಚಣಿಗೆಯಂಥ ಕುಡಿಮೀಸೆಯೂ ಇದೆ. ಅದರ ಮುಂದಿನ ರೆಕ್ಕೆಗಳ ಮೇಲಿರುವ ಅಗಲವಾದ ಕಂದು ಪಟ್ಟೆಗಳನ್ನು ಗಮನಿಸಿದವನಿಗೆ ಮಾತ್ರ ಅದು ಬೇರೆ ಜಾತಿಯೆಂದು ತಿಳಿಯುವುದು. ಒಂದೇ ಲಕ್ಷಣವನ್ನು ನೆಚ್ಚದೆ ಹಲವನ್ನು ಕೂಡಿಸಿ ನೋಡುವುದೇ ಶಾಸ್ತ್ರದ ದಾರಿ.

1778ರ ಜನವರಿ 10ರಂದು ಲಿನೇಯಸನು ಕಾಲವಶನಾದನು. ಆತನು ಇಟ್ಟ ಹೆಸರುಗಳಲ್ಲಿ ಅನೇಕವು ಇಂದಿಗೂ ಬಳಕೆಯಲ್ಲಿವೆ. ಹೊರನೋಟದಿಂದ ದಡ್ಡನೆನಿಸಿಕೊಂಡ ಬಾಲಕನೇ ಲೋಕಕ್ಕೆ ನೋಡುವುದನ್ನು ಕಲಿಸಿದನು. ಪತಂಗವಾಗಲಿ, ಪಕ್ಕದಲ್ಲಿ ಕುಳಿತ ಸಹಪಾಠಿಯಾಗಲಿ, ಹೆಸರಿಡುವ ಮೊದಲು ನಾವೂ ಹತ್ತಿರ ಸರಿದು ಚೆನ್ನಾಗಿ ನೋಡೋಣ.