ಹಡಗು ದಾಟಿ ಬಂದ ಸಂಗೀತಗಾರ: ಪೆಕ್ಕ ಪೊಹ್ಯೊಲ

ಸ್ಟಾಕ್‌ಹೋಮಿನಲ್ಲಿ ಸಂಜೆ ಹಡಗು ಹತ್ತಿದರೆ ಬೆಳಗಾಗುವಷ್ಟರಲ್ಲಿ ಹೆಲ್ಸಿಂಕಿ. ಸ್ವೀಡನ್ನಿನ ಕನ್ನಡಿಗರಾದ ನಮ್ಮಲ್ಲಿ ಅನೇಕರು ಮಕ್ಕಳೊಂದಿಗೆ ಈ ಪ್ರಯಾಣ ಮಾಡಿದ್ದೇವೆ. ಆ ಊರಿನಿಂದ ಬಂದು ಇಲ್ಲಿಯವರೊಂದಿಗೂ ನುಡಿಸಿ ಹೆಸರಾದ ಒಬ್ಬ ಕಲಾವಿದರನ್ನು ಈ ಬಾರಿ ಪರಿಚಯಿಸುತ್ತಿದ್ದೇವೆ.

ಪೆಕ್ಕ ಪೊಹ್ಯೊಲ ಹುಟ್ಟಿದ್ದು 1952ರ ಜನವರಿ 13ರಂದು, ಹೆಲ್ಸಿಂಕಿಯಲ್ಲಿ. ಸಂಗೀತದ ಮನೆತನ. ಸಿಬೆಲಿಯುಸ್ ಅಕಾಡೆಮಿಯಲ್ಲಿ ಪಿಯಾನೋ, ಪಿಟೀಲು ಕಲಿತರು. ಆದರೆ ಕೈಗೆತ್ತಿಕೊಂಡದ್ದು ಬೇಸ್ ಗಿಟಾರ್. ನಮ್ಮ ಕಛೇರಿಯ ತಂಬೂರಿಯಂತೆ ಅದೂ ಹಿಂದೆ ನಿಲ್ಲುವ ವಾದ್ಯ. ಇದ್ದಾಗ ಯಾರೂ ಗಮನಿಸರು, ಇಲ್ಲದಿದ್ದರೆ ಎಲ್ಲವೂ ಬರಿದು.

1970ರಲ್ಲಿ ಅವರು ಫಿನ್ಲೆಂಡಿನ ವಿಗ್ವಾಮ್ ತಂಡ ಸೇರಿದರು. ಪ್ರೊಗ್ರೆಸಿವ್ ರಾಕ್ ಎಂದರೆ ರಾಕ್ ಸಂಗೀತಕ್ಕೆ ಶಾಸ್ತ್ರೀಯ ಸಂಗೀತ, ಜಾಝ್‌ಗಳನ್ನು ಬೆರೆಸಿದ ದೀರ್ಘ ರಚನೆಗಳು. ಆ ತಂಡದ ಫೇರಿಪೋರ್ಟ್ (1971), ಬೀಯಿಂಗ್ (1974) ಆಲ್ಬಮ್‌ಗಳಲ್ಲಿ ಅವರ ಬೇಸ್ ಬರೀ ತಾಳ ಹಿಡಿಯದೆ ರಾಗವನ್ನೇ ಹಾಡಿತು. ಸ್ವಂತ ಕೃತಿ ರಚಿಸುವ ಹಂಬಲದಿಂದ 1974ರಲ್ಲಿ ತಂಡ ಬಿಟ್ಟರು.

ಅದೇ ವರ್ಷ ಹರಕ್ಕ ಬಿಯಾಲೊಯ್ಪೊಕ್ಕು ಹೊರಬಂತು. ನಮ್ಮ ಮಕ್ಕಳು ಶಾಲೆಯ ಅಂಗಳದಲ್ಲಿ ದಿನವೂ ಕಾಣುವ ಕಪ್ಪು-ಬಿಳಿ ಸ್ಕಾಟಾ ಹಕ್ಕಿಯ ಬದುಕಿನ ಕಥೆಯನ್ನು ಅದು ವಾದ್ಯಗಳಲ್ಲೇ ಹೇಳುತ್ತದೆ. ಗಿಟಾರ್ ನುಡಿಸಿದವರು ಸ್ವೀಡನ್ನಿನ ಕೊಸ್ಟೆ ಅಪೆಟ್ರಿಯ. 1976ರಲ್ಲಿ ಪೊಹ್ಯೊಲ ಸ್ವೀಡನ್ನಿನ ತಂಡವೊಂದನ್ನೇ ಸೇರಿದರು. ಅದರ ಹೆಸರೇ ಮೇಡ್ ಇನ್ ಸ್ವೀಡನ್! ಹಾಡುಗಾರ ಟಾಮಿ ಕೋರ್ಬೆರಿ, ಗಿಟಾರಿನಲ್ಲಿ ವಾಡೆನಿಯುಸ್. ಬೇಸ್ ಮತ್ತು ಡ್ರಮ್ಸ್ ಮಾತ್ರ ಫಿನ್ನರದ್ದು. ಸ್ವೀಡನ್ನಿನ ಹೆಸರು ಹೊತ್ತ ತಂಡದ ತಳಪಾಯ ಹೊರಗಿನಿಂದ ಬಂದವರು ಹಾಕಿದ್ದು ಎಂಬುದು, ಹೊರಗಿನಿಂದ ಬಂದ ನಮಗೆ ಹಿತವಾದ ಸಂಗತಿ.

1977ರ ಕೇಸೊಯೆನ್ ಲೆಹ್ತೊ ಆಲ್ಬಮ್‌ನಲ್ಲಿ ಇಂಗ್ಲೆಂಡಿನ ಮೈಕ್ ಓಲ್ಡ್‌ಫೀಲ್ಡ್ ಜೊತೆಗೂಡಿದರು. 1979ರ ಯುರೋಪ್ ಪ್ರವಾಸದಲ್ಲಿ ಓಲ್ಡ್‌ಫೀಲ್ಡರ ದೊಡ್ಡ ಮೇಳದಲ್ಲಿ ಬೇಸ್ ನುಡಿಸಿದ್ದೂ ಪೊಹ್ಯೊಲರೇ. ಬೇಸರದ ವಿಷಯವೆಂದರೆ, ಕೇಸೊಯೆನ್ ಲೆಹ್ತೊ ಮುಂದೆ ಹಲವು ಬಾರಿ ಮರುಮುದ್ರಣವಾದಾಗ ಮುಖಪುಟದಲ್ಲಿ ಓಲ್ಡ್‌ಫೀಲ್ಡ್ ಹೆಸರೇ ದೊಡ್ಡದಾಯಿತು. ರಚನೆ ಒಬ್ಬರದು, ಹೆಸರು ಇನ್ನೊಬ್ಬರದು. ಆದರೂ ಪೊಹ್ಯೊಲ ಬರೆಯುವುದನ್ನು ನಿಲ್ಲಿಸಲಿಲ್ಲ. 1990ರಲ್ಲಿ ಅವರ ಮೊದಲ ಸಿಂಫನಿಯ ಧ್ವನಿಮುದ್ರಿಕೆ ಬಂತು. 1996ರಲ್ಲಿ ಅಮೆರಿಕದ ಡಿಜೆ ಶಾಡೋ ಹಕ್ಕಿಯ ಆಲ್ಬಮ್‌ನ ಒಂದು ತುಣುಕನ್ನು ತಮ್ಮ ರಚನೆಯಲ್ಲಿ ಬಳಸಿದಾಗ ಹೊಸ ತಲೆಮಾರು ಅದನ್ನು ಕೇಳಿತು.

2008ರ ನವೆಂಬರ್ 27ರಂದು, 56ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಗ ವೆರ್ನೆರಿ ತುತ್ತೂರಿ ವಾದಕ. ತಂದೆಯ ರಚನೆಗಳನ್ನು ನುಡಿಸಿ 2017ರಲ್ಲಿ ಒಂದು ಆಲ್ಬಮ್ ತಂದರು. ಅದರ ಹೆಸರು ಪೆಕ್ಕ ಎಂದಷ್ಟೇ. ಬೇರೆಯವರ ಹೆಸರಿನ ಹಿಂದೆ ಮರೆಯಾಗಿದ್ದ ಹೆಸರನ್ನು ಮಗ ಮುಖಪುಟಕ್ಕೆ ತಂದರು.

ಮಕ್ಕಳ ಸಂಗೀತ ಪಾಠಕ್ಕೆಂದು ಚಳಿಯಲ್ಲಿ ಓಡಾಡುವ ನಮ್ಮ ಅಪ್ಪ-ಅಮ್ಮಂದಿರಿಗೆ ಇದಕ್ಕಿಂತ ಬೇರೆ ಮಾತು ಬೇಕೇ? ಒಮ್ಮೆ ಬಿಡುವು ಮಾಡಿಕೊಂಡು, ಮಕ್ಕಳನ್ನೂ ಕೂರಿಸಿಕೊಂಡು ಆ ಹಕ್ಕಿಯ ಕಥೆ ಕೇಳಿ. ಕೆಳಗಿನ ಸ್ವರಕ್ಕೆ ಸ್ವಲ್ಪ ಹೆಚ್ಚು ಕಿವಿಗೊಡಿ.