ಜಾವಾ ಹೆಸರಿನ ಹಿಂದಿನ ಯಾನೆಚೆಕ್

ಎಂಟನೇ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠಕ್ಕೆ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮೇಣದಬತ್ತಿ ತರುತ್ತಾರೆ. ತಪ್ಪೇನಿಲ್ಲ. ಆದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಶಾಲೆಗಳಲ್ಲಿ ಅಪೂರ್ಣ ದಹನವನ್ನು ಮಕ್ಕಳ ಕೈಗೇ ಕೊಟ್ಟು ತೋರಿಸಲು ಗ್ಯಾರೇಜಿನಲ್ಲಿ ಬಿಸಾಡಿದ ಸ್ಪಾರ್ಕ್ ಪ್ಲಗ್ಗೇ ಉತ್ತಮ ಬೋಧನೋಪಕರಣ ಎಂಬುದು ನನ್ನ ಅಭಿಪ್ರಾಯ. ಅದರ ಜೊತೆ ಒಬ್ಬ ವ್ಯಕ್ತಿಯ ಜೀವನವನ್ನೂ ಹೇಳಿದರೆ ಪಾಠ ತೂಕ ಪಡೆಯುತ್ತದೆ. ಅವರು ಫ್ರಾಂಟಿಷೆಕ್ ಯಾನೆಚೆಕ್. ಈ ಹೆಸರು ಮಕ್ಕಳಿಗೆ ಗೊತ್ತಿರುವುದಿಲ್ಲ. ಜಾವಾ ಎಂದರೆ ಗೊತ್ತು, ಇಲ್ಲವಾದರೆ ಅವರ ತಾತಂದಿರಿಗೆ ಗೊತ್ತು.

ಯಾನೆಚೆಕ್ ಹುಟ್ಟಿದ್ದು 1878ರ ಜನವರಿ 23ರಂದು, ಈಗಿನ ಚೆಕ್ ಗಣರಾಜ್ಯದ ಒಂದು ಹಳ್ಳಿಯಲ್ಲಿ. ಓದಿದ್ದು ಎಂಜಿನಿಯರಿಂಗ್. ಮೊದಲ ಮಹಾಯುದ್ಧದ ನಂತರ ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆ ನಡೆಸಿದರು. ಅವರಿಗೆ ಹೆಸರು, ಹಣ ಎರಡನ್ನೂ ತಂದದ್ದು ಕೈಬಾಂಬು. ಪಾಠಯೋಜನೆ ಬರೆಯುವಾಗ ಈ ಭಾಗವನ್ನು ಬಿಟ್ಟು ನೇರವಾಗಿ ಮೋಟಾರ್ ಸೈಕಲ್ಲಿಗೆ ಬರುವ ಆಸೆ ಹುಟ್ಟುತ್ತದೆ. ಬಿಡಬಾರದು ಎನ್ನುತ್ತೇನೆ. ಮಕ್ಕಳಿಗೆ ಅರ್ಧ ಮನುಷ್ಯನನ್ನು ತೋರಿಸುವ ಹಕ್ಕು ನಮಗಿಲ್ಲ. ಅಲ್ಲದೆ ಅದೇ ಪಾಠದಲ್ಲಿ ಸ್ಫೋಟವೂ ದಹನದ ಒಂದು ವಿಧವೆಂದು ಬರುತ್ತದೆ. ಕೊಲ್ಲಲು ಸಿಡಿಸುವುದೂ ಚಕ್ರ ತಿರುಗಿಸಲು ಉರಿಸುವುದೂ ಒಬ್ಬರದೇ ಕಾರ್ಖಾನೆಯಿಂದ ಹೊರಟವು.

1920ರ ದಶಕದ ಕೊನೆಗೆ ಆಯುಧಗಳ ಬೇಡಿಕೆ ಇಳಿಯಿತು. ಕೆಲಸಗಾರರಿದ್ದರು, ಯಂತ್ರಗಳಿದ್ದವು, ಮಾಡಲು ಕೆಲಸವಿರಲಿಲ್ಲ. ಜರ್ಮನಿಯ ವಾಂಡರರ್ ಕಂಪನಿ ಮೋಟಾರ್ ಸೈಕಲ್ ತಯಾರಿಕೆಯನ್ನು ಕೈಬಿಡುತ್ತಿದ್ದಾಗ ಯಾನೆಚೆಕ್ ಅದರ 500 ಸಿಸಿ ವಿನ್ಯಾಸವನ್ನು ಕೊಂಡರು. 1929ರಲ್ಲಿ ಇಬ್ಬರ ಹೆಸರಿನ ಮೊದಲ ಅಕ್ಷರಗಳೂ ಸೇರಿ ‘ಜಾವಾ’ ಆಯಿತು. (ಅವರ ಭಾಷೆಯಲ್ಲಿ ಅದು ‘ಯಾವಾ’. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಮಕ್ಕಳು ಕೇಳಿಯೇ ಕೇಳುತ್ತಾರೆ.) ಆ ಮೊದಲ ಗಾಡಿ ದುಬಾರಿ, ತೊಂದರೆಗಳೂ ಇದ್ದವು. ಮೇಲೆ ಜಗತ್ತಿನಾದ್ಯಂತ ಆರ್ಥಿಕ ಕುಸಿತ. ಯಾನೆಚೆಕ್ ಹಟ ಹಿಡಿಯಲಿಲ್ಲ. ಇಂಗ್ಲೆಂಡಿನಿಂದ ಜಾರ್ಜ್ ಪ್ಯಾಚೆಟ್ ಎಂಬ ಎಂಜಿನಿಯರನ್ನು ಕರೆಸಿಕೊಂಡು, 1932ರಲ್ಲಿ ವಿಲಿಯರ್ಸ್ ಎಂಜಿನ್ನಿನ 175 ಸಿಸಿ ಟೂ ಸ್ಟ್ರೋಕ್ ಗಾಡಿ ತಂದರು. ಹಗುರ, ಅಗ್ಗ. ಜನ ಕೊಂಡರು.

ನನ್ನ ದೃಷ್ಟಿಯಲ್ಲಿ ಅವರ ಜೀವನದ ದೊಡ್ಡ ತೀರ್ಮಾನ ಇದೇ, ಪ್ಲಗ್ಗಿನ ಕಥೆಯೂ ಇಲ್ಲಿಂದಲೇ ಶುರು. ಅಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಬೇಕು. ಹಳೆಯ ಜಾವಾಗಳಿಗೆ ಲೀಟರಿಗೆ ಸುಮಾರು 40 ಮಿಲಿ. ಆ ಆಯಿಲ್ಲೂ ಒಳಗೆ ಉರಿಯುತ್ತದೆ, ಪೂರ್ತಿ ಉರಿಯದೆ ಪ್ಲಗ್ಗಿಗೆ ಅಂಟುತ್ತದೆ. ಹಾಗಾಗಿ ಗಾಡಿ ಕೊಂಡವನು ಪ್ಲಗ್ ಸ್ಪ್ಯಾನರನ್ನೂ ಇಟ್ಟುಕೊಂಡ. ಬಿಚ್ಚಿ, ನೋಡಿ, ಉಜ್ಜಿ ಹಾಕುವುದನ್ನು ಕಲಿತ. ಎಂಜಿನ್ನಿನ ಒಳಗನ್ನು ಓದುವ ವಿದ್ಯೆ ಎಂಜಿನಿಯರರಿಂದ ರೈತನ ಕೈಗೆ ಬಂತು.

ಓದುವುದು ಹೇಗೆ? ನಡುವಿನ ಬಿಳಿ ಪಿಂಗಾಣಿಯ ತುದಿ ತೆಳು ಕಾಫಿ ಬಣ್ಣಕ್ಕಿದ್ದರೆ ದಹನ ಸರಿ. ಕೈಗೆ ಹತ್ತುವ ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್ ಕಟ್ಟಿರಬಹುದು, ಕಾರ್ಬುರೇಟರ್ ಹೊಂದಾಣಿಕೆ ತಪ್ಪಿರಬಹುದು. ಕಪ್ಪಾಗಿ ಒದ್ದೆಯಾಗಿ ಜಿಡ್ಡಿದ್ದರೆ ಆಯಿಲ್ ಜಾಸ್ತಿ ಅಥವಾ ಕಿಡಿ ದುರ್ಬಲ. ಸುಣ್ಣದಂತೆ ಬೆಳ್ಳಗಾಗಿ, ತುದಿಯಲ್ಲಿ ಗುಳ್ಳೆಯೆದ್ದಿದ್ದರೆ ಅತಿ ಶಾಖ: ಪೆಟ್ರೋಲು ಸಾಲದು, ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಕಿಡಿ ಬೇಗ ಹಾರುತ್ತಿದೆ. ಮೂರರಲ್ಲಿ ಭಯಪಡಬೇಕಾದದ್ದು ಬಿಳಿಗೆ. ಮಸಿ ಹಿಡಿದರೆ ಗಾಡಿ ನಿಲ್ಲುತ್ತದೆ. ಬಿಳಿಯಾದರೆ ಪಿಸ್ಟನ್ ಕರಗಬಹುದು. ಮಕ್ಕಳು ಕಪ್ಪೇ ಕೆಟ್ಟದ್ದು, ಬಿಳಿ ಶುದ್ಧ ಎಂದು ಊಹಿಸುತ್ತಾರೆ. ಆ ಊಹೆಯನ್ನು ಮೊದಲು ಹೇಳಲು ಬಿಡಿ, ತಿದ್ದುವ ಅವಸರ ಬೇಡ.

ಒಂದು ಎಚ್ಚರಿಕೆ. ನಿಂತಲ್ಲೇ ಬಹಳ ಹೊತ್ತು ಓಡಿದ ಎಂಜಿನ್ನಿನ ಪ್ಲಗ್ ಸುಳ್ಳು ಹೇಳುತ್ತದೆ. ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ಮಸಿ ತಾನೇ ಸುಟ್ಟುಹೋಗುವುದು. ಅದಕ್ಕೇ ತಿಳಿದ ಮೆಕ್ಯಾನಿಕ್, ಭಾರದಲ್ಲಿ ಓಡುತ್ತಿರುವಾಗಲೇ ಎಂಜಿನ್ ಆಫ್ ಮಾಡಿ, ಕ್ಲಚ್ ಹಿಡಿದು ನಿಲ್ಲಿಸಿ ಪ್ಲಗ್ ಬಿಚ್ಚುತ್ತಾನೆ. ಒಂದೇ ಗುರುತು ನೋಡಿ ತೀರ್ಮಾನಿಸಬಾರದೆಂಬುದು ಇದರಲ್ಲೇ ಬರುತ್ತದೆ. ಬಿಸಿ ಪ್ಲಗ್ಗನ್ನು ಮಾತ್ರ ತರಗತಿಗೆ ತರಬೇಡಿ.

ಯಾನೆಚೆಕ್ ತೀರಿಕೊಂಡಿದ್ದು 1941ರ ಜೂನ್ 4ರಂದು, ದೇಶ ಹಿಟ್ಲರನ ಹಿಡಿತದಲ್ಲಿದ್ದಾಗ. ಅವರ ತಂತ್ರಜ್ಞರು ಆಕ್ರಮಣಕಾರರ ಕಣ್ಣು ತಪ್ಪಿಸಿ ಹೊಸ 250 ಸಿಸಿ ಗಾಡಿಯನ್ನು ರೂಪಿಸುತ್ತಿದ್ದರು. ಅದು ಜಗತ್ತಿಗೆ ಕಂಡದ್ದು 1946ರಲ್ಲಿ. ಯುದ್ಧದ ನಂತರ ಕಾರ್ಖಾನೆ ಸರ್ಕಾರದ್ದಾಯಿತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದಾಗ ಅವರು ಸತ್ತು ಇಪ್ಪತ್ತು ವರ್ಷ. ಆಗ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿದ ಆ ಕಾರ್ಖಾನೆ 1996ರಲ್ಲಿ ನಿಂತಿತು. ಮರುವರ್ಷ ನಮ್ಮ ಜಿಲ್ಲೆ ಬೇರೆಯಾಯಿತು.

ಇಂದಿನ ಗಾಡಿಗಳಲ್ಲಿ ಪೆಟ್ರೋಲು ಎಷ್ಟು ಬೇಕೆಂದು ಸೆನ್ಸರ್ ಅಳೆಯುತ್ತದೆ, ಅವುಗಳ ಪ್ಲಗ್‌ಗಳು ಹೆಚ್ಚುಕಡಿಮೆ ಒಂದೇ ಬಣ್ಣಕ್ಕಿರುತ್ತವೆ. ಪಾಠಕ್ಕೆ ಪ್ಲಗ್ ಕೇಳಲು ಹೋಗುವವರು ಹಳೆಯ ಗಾಡಿಗಳನ್ನು ರಿಪೇರಿ ಮಾಡುವ ಅಂಗಡಿಗೇ ಹೋಗಿ, ಒರೆಸದೆ ಕೊಡಿ ಎಂದು ಕೇಳಬೇಕು.