ಅಡುಗೆಮನೆಯ ಭಾಷೆ ಬದಲಿಸಿದ ಎಸ್ಕೋಫಿಯೆ

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಗೆಳೆಯರಿದ್ದರೆ ಅವರ ನೋಟ್ಸ್ ಒಮ್ಮೆ ತೆರೆದು ನೋಡಿ. ಸೋಸಿಯೆ, ರೋಟಿಸರ್, ಕಮಿ, ಗಾರ್ಡ್ ಮಾಂಜೆ, ಮೀಜ್ ಆಂ ಪ್ಲಾಸ್... ಪುಟದ ತುಂಬ ಫ್ರೆಂಚ್ ಪದಗಳು! ನನ್ನ ಚಿಕ್ಕಮ್ಮನ ಮಗನೂ ಇದೇ ಕೋರ್ಸ್ ಓದುತ್ತಿದ್ದಾನೆ. ಪರೀಕ್ಷೆ ಹತ್ತಿರ ಬಂದರೆ ನಾನು ಪದ ಕೇಳಬೇಕು, ಅವನು ಅರ್ಥ ಒಪ್ಪಿಸಬೇಕು. ಅವನಿಗೆ ಅದು ಬಾಯಿಪಾಠ. ಬಿಇ ಓದುವ ನನಗೆ ಮಾತ್ರ ಅವು ಒಂದು ಯಂತ್ರದ ಬಿಡಿಭಾಗಗಳ ಹೆಸರಿನಂತೆ ಕಂಡವು. ಆ ಯಂತ್ರ ಜೋಡಿಸಿದವರು ಯಾರು ಎಂದು ಹುಡುಕಿದಾಗ ಸಿಕ್ಕಿದ್ದು ಒಗುಸ್ತ್ ಎಸ್ಕೋಫಿಯೆ ಎಂಬ ಹೆಸರು.

ಆತ ಹುಟ್ಟಿದ್ದು 1846ರ ಅಕ್ಟೋಬರ್ 28ರಂದು, ದಕ್ಷಿಣ ಫ್ರಾನ್ಸಿನ ನೀಸ್ ನಗರದ ಹತ್ತಿರದ ವಿಲ್‌ನೆವ್ ಲೂಬೆ ಎಂಬ ಊರಿನಲ್ಲಿ. ಅಪ್ಪ ಕಮ್ಮಾರ. ಹುಡುಗನಿಗೆ ಶಿಲ್ಪಿಯಾಗುವ ಆಸೆ. ಆದರೆ ಮನೆಯವರು 13ನೇ ವಯಸ್ಸಿಗೇ ನೀಸ್‌ನಲ್ಲಿದ್ದ ಬಂಧುವಿನ ರೆಸ್ಟೋರೆಂಟ್‌ಗೆ ಕೆಲಸ ಕಲಿಯಲು ಕಳಿಸಿಬಿಟ್ಟರು. ಹುಡುಗ ತೀರಾ ಕುಳ್ಳ. ಒಲೆಯ ಝಳ ಮುಖಕ್ಕೆ ಹೊಡೆಯದಿರಲೆಂದು ಎತ್ತರದ ಹಿಮ್ಮಡಿಯ ಶೂ ಹಾಕಿಕೊಳ್ಳುತ್ತಿದ್ದನಂತೆ. ಅಲ್ಲಿಂದ ಪ್ಯಾರಿಸ್. 1870ರಲ್ಲಿ ಪ್ರಷ್ಯಾ ಜೊತೆ ಯುದ್ಧ ಶುರುವಾದಾಗ ಸೇನೆಯ ಅಡುಗೆ ಕೆಲಸ.

ಆ ಕಾಲದ ಅಡುಗೆಮನೆ ಎಂದರೆ ಹೊಗೆ, ಬೆವರು, ಕಿರುಚಾಟ, ಬೈಗುಳ. ಸೆಕೆ ತಾಳಲಾರದೆ ಅಡುಗೆಯವರು ಕೆಲಸದ ನಡುವೆಯೇ ಕುಡಿಯುತ್ತಿದ್ದರು. ಮೇಲೆ ಊಟ ಮಾಡುವವರಿಗೆ ಕೆಳಗೆ ಬೇಯುವವರ ಬಗ್ಗೆ ಗೌರವವೇ ಇರಲಿಲ್ಲ. ಇದನ್ನೆಲ್ಲ ಅನುಭವಿಸಿ ಬೆಳೆದ ಎಸ್ಕೋಫಿಯೆ 1890ರಲ್ಲಿ, ಹೋಟೆಲ್ ಉದ್ಯಮಿ ಸೀಸರ್ ರಿಟ್ಜ್ ಜೊತೆ ಲಂಡನ್ನಿನ ಸೆವಾಯ್ ಹೋಟೆಲ್‌ಗೆ ಬಂದ. ತಾನು ಕಂಡಿದ್ದನ್ನು ಬದಲಿಸುವ ಅವಕಾಶ ಈಗ ಆತನ ಕೈಯಲ್ಲಿತ್ತು.

ಆತ ಅಡುಗೆಮನೆಯನ್ನು ಸೇನೆಯ ದಳದಂತೆ ವಿಭಾಗಿಸಿದ. ಅದೇ ‘ಬ್ರಿಗೇಡ್’ ಪದ್ಧತಿ. ಸಾಸ್ ಮಾಡುವವನು ಸೋಸಿಯೆ. ಮಾಂಸ ಸುಡುವವನು ರೋಟಿಸರ್. ಮೀನಿಗೆ ಪ್ವಾಸೊನಿಯೆ, ತರಕಾರಿ ಮತ್ತು ಮೊಟ್ಟೆಗೆ ಆಂತ್ರಮೆಟಿಯೆ, ತಣ್ಣನೆಯ ತಿನಿಸುಗಳಿಗೆ ಗಾರ್ಡ್ ಮಾಂಜೆ, ಸಿಹಿಗೆ ಪಾಟಿಸಿಯೆ. ಪ್ರತಿ ವಿಭಾಗದ ಮುಖ್ಯಸ್ಥ ‘ಶೆಫ್ ದ ಪಾರ್ಟಿ’. ಅಂದಹಾಗೆ, ಫ್ರೆಂಚಿನಲ್ಲಿ ಶೆಫ್ ಎಂದರೆ ಬರೀ ಅಡುಗೆಯವನಲ್ಲ, ಮುಖ್ಯಸ್ಥ!

ಇದರಿಂದ ಏನು ಲಾಭ? ‘ಮೆಯರ್‌ಬೇರ್’ ಎಂಬ ಮೊಟ್ಟೆಯ ಖಾದ್ಯವನ್ನೇ ನೋಡಿ. ಒಬ್ಬನೇ ಮಾಡಿದರೆ ಸುಮಾರು 15 ನಿಮಿಷ ಬೇಕಿತ್ತು. ಹೊಸ ಪದ್ಧತಿಯಲ್ಲಿ ಒಬ್ಬ ಮೊಟ್ಟೆ ಬೇಯಿಸುವಾಗಲೇ ಇನ್ನೊಬ್ಬ ಕುರಿಯ ಕಿಡ್ನಿ ಸುಡುತ್ತಿದ್ದ, ಮತ್ತೊಬ್ಬ ಸಾಸ್ ಸಿದ್ಧ ಮಾಡುತ್ತಿದ್ದ. ಕೆಲವೇ ನಿಮಿಷಗಳಲ್ಲಿ ತಟ್ಟೆ ರೆಡಿ! ನಾವು ಕಂಪ್ಯೂಟರ್ ಪಾಠದಲ್ಲಿ ಪ್ಯಾರಲಲ್ ಪ್ರೊಸೆಸಿಂಗ್ ಎಂದು ಓದುವುದು ಇದನ್ನೇ ಅಲ್ಲವೇ? ಅದು ಸಾಧ್ಯವಾಗಬೇಕಾದರೆ ಹೆಚ್ಚಿದ್ದು, ಅಳೆದದ್ದು ಎಲ್ಲವೂ ಮೊದಲೇ ಅದರದರ ಜಾಗದಲ್ಲಿರಬೇಕು. ಮೀಜ್ ಆಂ ಪ್ಲಾಸ್ ಎಂದರೆ ಅಷ್ಟೇ, ಜಾಗದಲ್ಲಿಡುವುದು.

ಆದರೆ ನನಗೆ ತುಂಬಾ ಹಿಡಿಸಿದ್ದು ಬೇರೆಯೇ. ಗಿರಾಕಿಯ ಆರ್ಡರನ್ನು ಅಡುಗೆಮನೆಗೆ ಕೂಗಿ ಹೇಳುವವನಿಗೆ ‘ಅಬ್ವಾಯರ್’ ಎಂಬ ಹೆಸರಿತ್ತು. ಅರ್ಥ ಏನು ಗೊತ್ತಾ? ಬೊಗಳುವವನು! ಎಸ್ಕೋಫಿಯೆ ಆ ಪದವನ್ನೇ ತೆಗೆದು ‘ಅನೋನ್ಸರ್’, ಅಂದರೆ ಪ್ರಕಟಿಸುವವನು ಎಂದು ಕರೆಸಿದ. ಕಿರುಚಾಟ ನಿಲ್ಲಿಸಿದ. ಮದ್ಯ ನಿಷೇಧಿಸಿ ಬಾರ್ಲಿಯ ಪಾನೀಯ ಇಡಿಸಿದ. ಹೊರಗೆ ಹೋಗುವಾಗ ಒಳ್ಳೆಯ ಬಟ್ಟೆ ತೊಡಿ, ಬಿಡುವಿನಲ್ಲಿ ಓದಿ ಎಂದು ಅಡುಗೆಯವರನ್ನು ಹುರಿದುಂಬಿಸಿದ.

ಪದಗಳ ಶಕ್ತಿ ಆತನಿಗೆ ಚೆನ್ನಾಗಿ ಗೊತ್ತಿತ್ತು. ಕಪ್ಪೆ ಎಂದರೆ ಮುಖ ಸಿಂಡರಿಸುವ ಇಂಗ್ಲಿಷರಿಗೆ ಕಪ್ಪೆಯ ಕಾಲುಗಳನ್ನೇ ‘ಉಷೆಯ ಅಪ್ಸರೆಯರ ತೊಡೆಗಳು’ ಎಂಬರ್ಥದ ಫ್ರೆಂಚ್ ಹೆಸರಿಟ್ಟು ತಿನ್ನಿಸಿದ ಕಥೆ ಪ್ರಸಿದ್ಧ. ಗಾಯಕಿ ನೆಲ್ಲಿ ಮೆಲ್ಬಾ ಹೆಸರಿನ ‘ಪೀಚ್ ಮೆಲ್ಬಾ’ ಕೂಡ ಆತನದೇ ಸೃಷ್ಟಿ. ತಮಾಷೆಯೆಂದರೆ, ಲಂಡನ್ನಿನಲ್ಲಿ ಸುಮಾರು 30 ವರ್ಷ ಕಳೆದರೂ ಆತ ಇಂಗ್ಲಿಷ್ ಸರಿಯಾಗಿ ಕಲಿಯಲೇ ಇಲ್ಲ!

ಆತನೇನೂ ದೇವರಲ್ಲ. 1898ರಲ್ಲಿ ಸೆವಾಯ್ ಆಡಳಿತ ರಿಟ್ಜ್ ಮತ್ತು ಎಸ್ಕೋಫಿಯೆ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಸರಕು ಪೂರೈಸುವವರಿಂದ ಕಮಿಷನ್ ಪಡೆದಿದ್ದನ್ನು ಆತ ನಂತರ ಲಿಖಿತವಾಗಿ ಒಪ್ಪಿಕೊಂಡ. ಆ ಕಾಗದ ಹೊರಬಂದದ್ದು ಆತ ತೀರಿಕೊಂಡು ದಶಕಗಳಾದ ಮೇಲೆ. ಈ ಕಲೆಯನ್ನು ಮುಚ್ಚಿಟ್ಟು ಆತನ ಕಥೆ ಹೇಳಬಾರದು.

ಮುಂದೆ ಪ್ಯಾರಿಸ್ಸಿನ ರಿಟ್ಜ್, ಲಂಡನ್ನಿನ ಕಾರ್ಲ್‌ಟನ್ ಹೋಟೆಲ್‌ಗಳ ಅಡುಗೆಮನೆಗಳನ್ನು ಕಟ್ಟಿದ. 1903ರಲ್ಲಿ 5,000ಕ್ಕೂ ಹೆಚ್ಚು ಪಾಕವಿಧಾನಗಳ ‘ಲ ಗೀಡ್ ಕ್ಯುಲಿನೇರ್’ ಪುಸ್ತಕ ಬಂತು. 1910ರಲ್ಲಿ ಬಡತನ ನಿವಾರಣೆಗೆ ಪರಸ್ಪರ ನೆರವಿನ ಯೋಜನೆಯೊಂದನ್ನೂ ಬರೆದ. ಫ್ರಾನ್ಸ್ ಸರ್ಕಾರ ಲೀಜನ್ ಆಫ್ ಆನರ್ ನೀಡಿ ಗೌರವಿಸಿತು. 1935ರ ಫೆಬ್ರುವರಿ 12ರಂದು, 88ನೇ ವಯಸ್ಸಿನಲ್ಲಿ, ಮಾಂಟೆ ಕಾರ್ಲೊದಲ್ಲಿ ತೀರಿಕೊಂಡ. ಹುಟ್ಟಿದ ಮನೆ ಈಗ ಪಾಕಕಲೆಯ ಮ್ಯೂಸಿಯಂ.

ಇವತ್ತು ಬೆಂಗಳೂರಿನ ಸ್ಟಾರ್ ಹೋಟೆಲ್‌ಗಳ ಉದ್ಯೋಗ ಜಾಹೀರಾತಿನಲ್ಲೂ ‘ಕಮಿ’, ‘ಶೆಫ್ ದ ಪಾರ್ಟಿ’ ಎಂಬ ಹುದ್ದೆಗಳನ್ನು ಕಾಣುತ್ತೇವೆ. ಕಮಿ ಎಂದರೆ ಕೆಳಗಿನ ಮೆಟ್ಟಿಲು. ಆದರೆ ಆ ಮೆಟ್ಟಿಲಿಗೂ ಒಂದು ಹೆಸರು, ಒಂದು ಜವಾಬ್ದಾರಿ, ಮೇಲೇರಲು ಒಂದು ದಾರಿ ಇದೆ. ಹಾಗಾಗಿ ಈ ಪದಗಳನ್ನು ಅಂಕಕ್ಕಾಗಿ ಉರು ಹೊಡೆಯಬೇಡಿ ಗೆಳೆಯರೇ. ಪ್ರತಿ ಪದದ ಹಿಂದೆ ಯಾರು ನಿಂತಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕೇಳಿಕೊಳ್ಳಿ. ಆಗ ಮರೆಯುವುದಿಲ್ಲ.

ಬೇಸರದ ಸಂಗತಿ ಎಂದರೆ, ಎಸ್ಕೋಫಿಯೆ ಕಿತ್ತುಹಾಕಿದ ‘ಅಬ್ವಾಯರ್’ ಪದ ಇಂದಿಗೂ ಬಳಕೆಯಲ್ಲಿದೆ. ನಾವೂ ಅಷ್ಟೇ, ಹೋಟೆಲ್‌ನಲ್ಲಿ ಐವತ್ತು ದಾಟಿದವರನ್ನೂ ‘ಏ ಮಾಣಿ’ ಎಂದು ಕೂಗುತ್ತೇವೆ. ಮುಂದಿನ ಸಲ ಊಟಕ್ಕೆ ಕೂತಾಗ ಬಡಿಸುವವರ ಹೆಸರು ಕೇಳಿ, ಆ ಹೆಸರಿನಿಂದಲೇ ಕರೆದು ನೋಡಿ.